ಐದನೆಯ ಕಾರಣ

ಮಾರ್ಚ್ ೧೪, ಗುರುವಾರ

ಪತ್ರದ ತಲೆಬರಹ ‘ನಮ್ಮನ್ನೇ ಆರಿಸಲು ಐದು ಕಾರಣಗಳು’. ಕೆಳಗಿದ್ದದ್ದು ನಾಲ್ಕೇ. ಇಡೀ ದಿನ ಅದೇ ತಲೆಯಲ್ಲಿ.

ದೊಡ್ಡಾಸ್ಪತ್ರೆಯ ಲಿಫ್ಟ್‌ಗಳನ್ನು ನೋಡಿಕೊಳ್ಳುವ ಗುತ್ತಿಗೆಗಾಗಿ ಬರೆದ ಪತ್ರ. ಇದೂ ಕೈತಪ್ಪಿದರೆ ನಮ್ಮ ಪುಟ್ಟ ಕಂಪನಿಗೆ ಬೀಗವೇ. ಐದನೆಯದನ್ನು ಹೊಡೆದುಹಾಕಿದ್ದು ಕಂಪನಿಯ ಯಜಮಾನರು. “ನಮ್ಮ ಹುಳುಕನ್ನ ನಾವೇ ಯಾಕಮ್ಮ ಬರೀಬೇಕು?” ಎಂದಿದ್ದರು. ತಲೆಬರಹ ತಿದ್ದಲು ಮರೆತವಳು ನಾನು.

ಬೆಳಿಗ್ಗೆ ಆಸ್ಪತ್ರೆಯ ಮೇಲ್ವಿಚಾರಕಿಯ ಫೋನು. “ಐದನೇದು ಎಲ್ಲಿ ಮೇಡಂ? ಎರಡು ಸಲ ಎಣಿಸಿದೆ.”

ಆದದ್ದಾಗಲಿ ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. “ಹೋದ ವರ್ಷ ನಾವು ನೋಡ್ಕೊಳ್ಳೋ ಲಿಫ್ಟ್ ಎರಡು ಸಲ ಮಧ್ಯದಲ್ಲೇ ನಿಂತುಹೋಯ್ತು. ಎರಡು ಸಲವೂ ನಮ್ಮ ಮೆಕ್ಯಾನಿಕ್ ಹತ್ತೇ ನಿಮಿಷದಲ್ಲಿ ಬಂದು ಒಳಗಿದ್ದವರನ್ನ ಹೊರಗೆ ಕರ್ಕೊಂಡು ಬಂದ್ರು.”

“ನಿಲ್ಲದೇ ಇರೋ ಲಿಫ್ಟನ್ನ ನಾನಂತೂ ಕಂಡಿಲ್ಲ. ಇದನ್ನೇ ಮೊದಲು ಬರೀಬೇಕಿತ್ತು ನೀವು. ತಿದ್ದಿ ಕಳಿಸಿ, ಗುತ್ತಿಗೆ ನಿಮ್ಮದೇ.”

ಯಜಮಾನರಿಗೆ ಹೇಳಿದರೆ, “ನಾನು ಆವತ್ತೇ ಹೇಳಲಿಲ್ವಾ?” ಅನ್ನಬೇಕೆ! ನಗು ನುಂಗಿಕೊಂಡೆ.

ಒಂದೇ ಉದ್ದನೆಯ ಪ್ಯಾರಾ ಬರೆದಿದ್ದರೆ ಇಲ್ಲದ್ದು ಆಕೆಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಂಕಿ ಹಾಕಿದೆವೆಂದರೆ ಮಾತು ಕೊಟ್ಟ ಹಾಗೆ. ಓದುವವರು ಲೆಕ್ಕ ಕೇಳಿಯೇ ಕೇಳುತ್ತಾರೆ.

ಈಗಷ್ಟೇ ಹೊಸ ಪತ್ರ ಮುಗಿಸಿದೆ. ಐದನೆಯದು ಒಂದನೆಯದಾಯಿತು. ಅದರ ಕೆಳಗೆ ಹಳೆಯ ನಾಲ್ಕನ್ನು ಓದಿದರೆ ‘ಅಪಾರ ಅನುಭವ’, ‘ನುರಿತ ತಂಡ’ ಬರೀ ಸಪ್ಪೆ, ಯಾರು ಬೇಕಾದರೂ ಬರೆದುಕೊಳ್ಳುವಂಥವು. ಯಜಮಾನರನ್ನು ಕೇಳದೆ ಎರಡನ್ನೂ ಹೊಡೆದುಹಾಕಿದೆ.

ತಲೆಬರಹ: ‘ಮೂರು ಕಾರಣಗಳು’. ಈ ಸಲ ನಾನೂ ಎರಡು ಸಲ ಎಣಿಸಿದೆ.