ಸೊಸೆಯ ಪಾಲಿನ ಹಿಟ್ಟು

ಗರ್ಭಿಣಿಯರ ಆಹಾರ ಸಂಶೋಧನೆ ನಡೆಸುತ್ತಿರುವ ಡಾಕ್ಟರಮ್ಮನವರ ಸನ್ನಿಧಾನಕ್ಕೆ,

ಈ ಓಣಿಯ ಮಹಿಳಾ ಸಂಘದ ಹಿರಿಯಳಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಮಾತಿನ ಮೇಲೆ ಮನೆಮನೆಗೆ ಹೋಗಿ ಬಸುರಿಯರನ್ನು ಒಪ್ಪಿಸಿದವಳು ನಾನು. ಬಳಿಕ ತಾವು ಚೀಟಿ ಎತ್ತಿಸಿ, ಅರ್ಧ ಜನರಿಗೆ ಪೌಷ್ಟಿಕ ಹಿಟ್ಟು, ಉಳಿದವರಿಗೆ ಬರೀ ತೂಕ ನೋಡುವುದೆಂದು ನಿಗದಿಪಡಿಸಿದಿರಿ. ಹಿಟ್ಟಿನ ಚೀಟಿ ನನ್ನ ಸೊಸೆಗೂ ಬಂತು. ಅಂದಿನಿಂದ ನಲ್ಲಿಯ ಬಳಿ, "ಅತ್ತೆ ದೊಡ್ಡೋರಾದ್ರೆ ಚೀಟಿಗೂ ಕಣ್ಣಿರುತ್ತೆ ಬಿಡ್ರೇ" ಎಂಬ ಮಾತು ಕೇಳಿ ಕೇಳಿ ಸಾಕಾಗಿ, ಅವಳ ಹೆಸರನ್ನು ತೆಗೆದುಹಾಕಬೇಕೆಂದು ಕಳೆದ ವಾರ ತಮಗೆ ಅರ್ಜಿ ಸಲ್ಲಿಸಿದ್ದೆ.

ಇದು ತಿಳಿದ ಸೊಸೆ ಎದುರು ನಿಂತು, "ನಿಮ್ಮ ಮಾನ ಉಳಿಸ್ಕೊಳ್ಳೋಕೆ ನನ್ನ ಹೊಟ್ಟೇನ ಅಡ ಇಡ್ತೀರಾ, ಅತ್ತೆ?" ಎಂದಳು. ಈ ಮನೆಯಲ್ಲಿ ನನಗೆ ಎದುರಾಡಿದವರಿಲ್ಲ. ಗದರಿಸಲೆಂದು ಅವಳ ಕೈ ಹಿಡಿದೆ. ಅವಳ ಮಣಿಕಟ್ಟು ನನ್ನ ಎರಡು ಬೆರಳಿನಷ್ಟಿದೆ.

ಆದಕಾರಣ ಹಿಂದಿನ ಅರ್ಜಿಯನ್ನು ರದ್ದುಪಡಿಸಿ, ಹಿಟ್ಟನ್ನು ಅವಳ ಕೈಗೇ ಕೊಡಿಸುವುದು. ಚೀಟಿ ಎತ್ತಿದ ರೀತಿಯನ್ನು ತಾವೇ ಬಂದು ಓಣಿಯವರಿಗೆ ತಿಳಿಸುವುದು. ನನ್ನ ಮಾತನ್ನು ಈಗ ಯಾರೂ ನಂಬುತ್ತಿಲ್ಲ. ಮುಂದಿನ ಬಸುರಿಯರನ್ನು ಕರೆತರಲು ಬೇರೆಯವರನ್ನು ನೇಮಿಸುವುದು. ಆ ಬಾಗಿಲುಗಳನ್ನು ಮತ್ತೆ ತಟ್ಟಲು ನನ್ನಿಂದಾಗದು.

ಇಂತಿ ತಮ್ಮ ವಿಧೇಯಳು,
ಬಸುರಿಯೊಬ್ಬಳ ಅತ್ತೆ