ಸುಟ್ಟ ಮಣ್ಣೆತ್ತು

ಸೂಡಿ
ಗುರುವಾರ, ೧೭ ಜುಲೈ ೨೦೨೫

ಪ್ರೀತಿಯ ಅಮ್ಮೀ, ನಿನ್ನ ನಾಜಮೀನಳ ಸಲಾಂ.

ನಿನ್ನ ಮೊಣಕಾಲು ನೋವು ಹೇಗಿದೆ? ನಿಲೋಫರಕ್ಕನ ಬಾಣಂತನದ ಗಡಿಬಿಡಿಯಲ್ಲಿ ನಿನ್ನ ಗುಳಿಗೆ ಮರೆಯಬೇಡ. ಕೂಸು ನಿದ್ದೆ ಮಾಡುತ್ತದೆಯೇ? ಮೂಗು ಯಾರ ಹಾಗಿದೆ? ಫೋನ್ ಮಾಡದೆ ಕಾಗದ ಬರೆದಳೆಂದು ಗಾಬರಿಯಾಗಬೇಡ. ಯಾವಗಲ್ಲಿನ ಅಕ್ಕನ ಮನೆಯಲ್ಲಿ ಫೋನ್ ರಫೀಕ ಭಾವನ ಕೈಯಲ್ಲಿರುತ್ತದೆ, ಅವರು ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಾರೆ. ಅಷ್ಟು ಜನ ಕೇಳುತ್ತಾರೆಂದರೆ ನನ್ನ ಬಾಯಿ ಕಟ್ಟುತ್ತದೆ. ಐದನೇ ಇಯತ್ತೆಗೆ ಸಾಲೆ ಬಿಟ್ಟವಳ ಕಾಗದ, ತಪ್ಪಿದ್ದರೆ ಅಕ್ಕ ತಿದ್ದಿಕೊಂಡು ಓದಿ ಹೇಳಲಿ.

ಅಕ್ಕ ಕೂಸಿನೊಂದಿಗೆ ಬರುವಷ್ಟರಲ್ಲಿ ಹೊಸ ಬಚ್ಚಲು ಆಗಲೆಂದು ಅಬ್ಬಾ ಹಿತ್ತಲಲ್ಲಿ ನೀರಿನ ಗುಂಡಿ ತೋಡುತ್ತಿದ್ದರು. ಎದೆಮಟ್ಟ ಇಳಿದಾಗ ಗುದ್ದಲಿಗೆ ಒಂದು ಸುಟ್ಟ ಮಣ್ಣಿನ ಎತ್ತು ಸಿಕ್ಕಿತು. ಪಕ್ಕದ ಮನೆಯ ಮಾಲತೇಶಣ್ಣ ಅದರ ಫೋಟೋ ತೆಗೆದು ಯಾರಿಗೋ ಕಳಿಸಿದ. ಅವರು ಫೋಟೋ ನೋಡಿಯೇ, ಇದು ಸಾವಿರ ವರ್ಷದ್ದು, ಗುಡಿಗೆ ಹರಕೆ ಒಪ್ಪಿಸಿದ್ದು ಎಂದು ತಿಳಿಸಿದರಂತೆ. ಸಂಜೆಯೊಳಗೆ ಊರೆಲ್ಲ ಅದೇ ಮಾತು. ಮಾಲತೇಶಣ್ಣ ಕೆಟ್ಟವನಲ್ಲ, ನಿನಗೂ ಗೊತ್ತು. ಆದರೂ ಕಟ್ಟೆಯ ಮೇಲೆ ಕುಳಿತು, "ಸುಭಾನಣ್ಣ, ಮಣ್ಣೆತ್ತು ಪೂಜಾ ಮಾಡೋರು ನಾವು. ನಿಮ್ಮ ಹಿತ್ತಲದಾಗ ಹ್ಯಾಂಗ ಬಂತಪಾ? ಮೊದಲ ಅಲ್ಲೊಂದು ಗುಡಿ ಇದ್ದಿರಬೇಕು" ಎಂದ. ಅಬ್ಬಾ ಗುದ್ದಲಿ ತೊಳೆದು ಒಳಗಿಟ್ಟರು. ಅವತ್ತಿನಿಂದ ಅವರಿಗೆ ಊಟ ಸೇರುತ್ತಿಲ್ಲ. ಇದು ನಿನ್ನ ತವರುಮನೆ, ಫಕೀರಸಾಬಜ್ಜ ಕಟ್ಟಿದ್ದು. ಅಳಿಯನಾಗಿ ಬಂದ ತಮ್ಮ ಕಾಲದಲ್ಲಿ ಇದು ಕೈಬಿಟ್ಟರೆ ಅಜ್ಜನಿಗೆ ಹೇಗೆ ಮುಖ ತೋರಿಸಲಿ ಎಂದು ಅಬ್ಬಾ ನನ್ನೆದುರು ಒಮ್ಮೆ ಅಂದರು. ಅಜ್ಜ ತೀರಿಹೋಗಿದ್ದು ಅವರಿಗೆ ಮರೆತೇ ಹೋಗಿತ್ತೇನೋ.

ಆಮೇಲೆ ಸುದ್ದಿ ತಿಳಿದು ಧಾರವಾಡದಿಂದ ಸುವರ್ಣಾ ಮೇಡಂ ಬಂದರು. ಹಳೆಯ ವಸ್ತುಗಳ ಅಭ್ಯಾಸ ಮಾಡುವವರು, ವಯಸ್ಸಿನಲ್ಲಿ ಅಕ್ಕನಷ್ಟೇ ಇರಬಹುದು. ಚಹಾ ಕುಡಿದು, ಚಪ್ಪಲಿ ಬಿಟ್ಟು, ತಾವೇ ಗುಂಡಿಗೆ ಇಳಿದರು. ಎತ್ತನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, "ಅಮಾಸಿ ಎತ್ತನ್ನ ಹಸಿಮಣ್ಣಿಲೆ ಮಾಡಿ ಪೂಜಾ ಮುಗಿಸಿ ನೀರಿಗೆ ಬಿಡ್ತಾರ. ಇದನ್ನ ಸುಟ್ಟಾರ ಅಂದ್ರ ಹಳೇದ ಇರಬೇಕು. ಅದೂ ಇಷ್ಟು ಆಳದಾಗ" ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಲ್ಲಿಂದಲೇ, "ನಮ್ಮ ಅಮ್ಮಿ ಸುಟ್ಟಿದ್ದಳ್ರಿ" ಎಂದುಬಿಟ್ಟೆ.

ಪ್ರತಿ ಮಣ್ಣೆತ್ತಿನ ಅಮಾವಾಸ್ಯೆಗೆ ನೀನು ಹೇಳುತ್ತಿದ್ದುದನ್ನೇ ಹೇಳಿದೆ. ಚಿಕ್ಕಂದಿನಲ್ಲಿ ನಿನ್ನ ಗೆಳತಿ ಕರೆವ್ವ ಚಿಗವ್ವನ ಜೊತೆ ಕೂತು ಎತ್ತು ಮಾಡುತ್ತಿದ್ದೆಯಲ್ಲ, ಒಂದು ವರ್ಷ ನಿನ್ನದು ಕರಗಬಾರದೆಂದು ಅಜ್ಜನ ಹೆಂಚಿನ ಭಟ್ಟಿಯಲ್ಲಿ ಸುಟ್ಟುಬಿಟ್ಟದ್ದು, ಸುಟ್ಟ ಎತ್ತು ನೀರಿನಲ್ಲಿ ಹೇಗೆ ಕರಗಬೇಕು ಎಂದು ಚಿಗವ್ವನ ತಾಯಿ ರೇಣವ್ವಜ್ಜಿ ಬೈದು ವಾಪಸು ಕಳಿಸಿದ್ದು. ಹಿತ್ತಲಲ್ಲಿ ಅಜ್ಜ ಹೆಂಚಿಗೆ ಮಣ್ಣು ತೆಗೆದು, ಆಮೇಲೆ ಆ ತಗ್ಗಿಗೆ ಒಡಕು ಹೆಂಚು ಸುರಿದು ಮುಚ್ಚಿದ್ದನ್ನೂ ಹೇಳಿದೆ. ಮೇಡಂ ಗುಂಡಿಯ ಮಣ್ಣನ್ನು ಕೈಯಿಂದ ಕೆದರಿದರೆ ಹೆಂಚಿನ ಚೂರುಗಳೂ ಬಂದವು. ಆದರೆ ಎತ್ತು ಆ ಚೂರುಗಳ ನಡುವೆ ಇತ್ತೋ, ಅವುಗಳ ಕೆಳಗಿನ ಗಟ್ಟಿ ನೆಲದಲ್ಲಿತ್ತೋ ಅಬ್ಬಾಗೆ ನೆನಪಿಲ್ಲ. ಮೇಡಂ ನಕ್ಕು, "ಸುಟ್ಟದ್ದೆಲ್ಲಾ ಹಳೇದು ಅಂದದ್ದು ನನ್ನ ಊಹಾ. ಆದ್ರ ನಿಮ್ಮವ್ವ ಒಂದ ಎತ್ತು ಸುಟ್ಟಿದ್ದು ಖರೇ ಇದ್ರೂ, ಇದ ಆ ಎತ್ತು ಅನ್ನೋದು ನಿನ್ನ ಊಹಾ" ಎಂದರು. ಆ ಮಾತು ನನಗೆ ಬೇಸರ ತರಲಿಲ್ಲ. ಅವರು ಯಾರ ಕಡೆಗೂ ವಾಲದೆ ಮಾತಾಡಿದರು ಅನಿಸಿತು.

ಕರೆವ್ವ ಚಿಗವ್ವ ಸುದ್ದಿ ಕೇಳಿ ಸೆರಗು ಸಿಕ್ಕಿಸಿಕೊಂಡೇ ಬಂದಳು. "ನಿಮ್ಮವ್ವನ ಶಾಣ್ಯಾತನ ಈಗ ಊರಿಗೆಲ್ಲಾ ಗೊತ್ತಾತು ನೋಡ!" ಎಂದು ನಕ್ಕಳು. ಕಟ್ಟೆಯತ್ತ ತಿರುಗಿ, "ಮಾಲತೇಶ, ನಿನ್ನ ಎತ್ತು ನನ್ನ ಹಿತ್ತಲಕ್ಕ ಹೊಕ್ಕರ ನನ್ನ ಹಿತ್ತಲ ನಿನ್ನದಾಕ್ಕತೇನೋ?" ಎಂದಳು. ಮಾಲತೇಶಣ್ಣನಿಗೇ ನಗು ತಡೆಯಲಾಗಲಿಲ್ಲ. ಅಬ್ಬಾ ಅವತ್ತು ಒಂದು ರೊಟ್ಟಿ ಹೆಚ್ಚು ಉಂಡರು.

ಅಕ್ಕನಿಗೆ, ಭಾವನಿಗೆ ಸಲಾಂ. ಕೂಸಿನ ಅಂಗಾಲಿಗೆ ನನ್ನ ಮುತ್ತು. ಅಲ್ಲಾ ನಿಮ್ಮನ್ನೆಲ್ಲ ಚೆನ್ನಾಗಿ ಇಟ್ಟಿರಲಿ.

ನಿನ್ನ ಮಗಳು,
ನಾಜಮೀನ

ತಾ.ಕ.: ಈ ಕಾಗದ ಒಯ್ಯುವ ಹಾಲೇಶಣ್ಣ ಯಾವಗಲ್ಲಿಗೆ ಹೊರಟು ಟ್ರ್ಯಾಕ್ಟರ್ ಚಾಲೂ ಮಾಡಿ ಕೂಗುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಅಮ್ಮೀ, ನಿನ್ನ ಎತ್ತಿನಲ್ಲಿ ಏನಾದರೂ ಊನ, ಗುರುತು ಇತ್ತೇ? ಅದನ್ನು ಎಲ್ಲಿ ಬಿಟ್ಟೆ? ಸಿಕ್ಕ ಎತ್ತು ಹೇಗಿದೆಯೆಂದು ನಾನು ಬೇಕೆಂದೇ ಬರೆದಿಲ್ಲ. ಬರೆದರೆ ಮನೆಯ ಚಿಂತೆಯಲ್ಲಿ ನೀನು ಹೌದು ಅಂದುಬಿಡುತ್ತೀ. ಕರೆವ್ವ ಚಿಗವ್ವನೂ ಎತ್ತನ್ನು ನೋಡುವ ಮೊದಲೇ ತನಗೆ ನೆನಪಿದ್ದುದನ್ನು ಮೇಡಂ ಕಿವಿಯಲ್ಲಿ ಹೇಳಿದ್ದಾಳೆ, ನನಗೆ ಹೇಳಿಲ್ಲ. ಸೋಮವಾರ ಮೇಡಂ ಮತ್ತೆ ಬರುತ್ತಾರೆ, ಅಷ್ಟರೊಳಗೆ ಉತ್ತರ ಕಳಿಸು. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನು. ನಿನ್ನದಲ್ಲದಿದ್ದರೆ ಅಲ್ಲ ಅಂತಲೇ ಹೇಳು. ಸಾವಿರ ವರ್ಷದ ಹಿಂದೆ ಯಾವಳೋ ಹುಡುಗಿ ತನ್ನದೂ ಕರಗಬಾರದೆಂದು ಸುಟ್ಟಿದ್ದರೆ, ಅವಳ ಎತ್ತನ್ನು ನಾವು ಕಸಿದುಕೊಳ್ಳುವುದು ಬೇಡ.