ಬೇಡ ಅನ್ನುವವಳ ಪಾತ್ರ

ಭಾನುವಾರ, ಏಪ್ರಿಲ್ ೬

ಪ್ರೀತಿಯ ತಂಗೀ,

ಎಲ್ಲರೂ ಹೇಗಿದ್ದೀರಿ? ಕಾಗದ ಬರೆಯುತ್ತೇನೆ ಅಂತ ಹೇಳಿ ಎಷ್ಟು ದಿನವಾಯಿತೋ, ಬೈದುಕೋ. ಹೊಲಿಗೆ ಅಂಗಡಿಯಲ್ಲಿ ಈಗ ಸಮವಸ್ತ್ರದ ಕಾಲ. ದಿನವಿಡೀ ಕಾಲರ್ ಹೊಲಿದು ಬಂದರೆ ಪೆನ್ನು ಹಿಡಿಯಲೂ ಬೇಜಾರು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎರಡು ಮಾತಿಗೇ ‘ಒಲೆ ಮೇಲೆ ಹಾಲಿದೆ’ ಅಂತ ಇಟ್ಟುಬಿಡುತ್ತೀಯ. ನಿಮ್ಮ ಮನೆಯ ಹಾಲು ಅದೆಷ್ಟು ಸಲ ಉಕ್ಕುತ್ತದೋ!

ನನ್ನ ಮಗಳು ಚೂಟಿಯ ಸುದ್ದಿ ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಹೋದ ರಜೆಯಲ್ಲಿ ಅವಳು ನಿನ್ನ ಮಗಳ ತೋಳು ಕಚ್ಚಿದ್ದಳಲ್ಲ, ಆಮೇಲೆ ಶಾಲೆಯಲ್ಲೂ ಅದೇ ರಾಮಾಯಣ. ಕೊನೆಗೆ ಇಂಥ ಮಕ್ಕಳಿಗೆಂದೇ ಇರುವ ಒಬ್ಬ ಟೀಚರ್ ಹತ್ತಿರ ಸೇರಿಸಿದೆವು. “ಇವಳಿಗೆ ಸಿಟ್ಟು ಜಾಸ್ತಿ ಅಲ್ಲಮ್ಮ, ಮಾತು ಕಮ್ಮಿ. ಆಟಕ್ಕೆ ಸೇರಿಸ್ಕೊಳ್ಳಿ ಅಂತ ಕೇಳೋಕೆ ಬರಲ್ಲ, ಅದಕ್ಕೇ ತಳ್ತಾಳೆ” ಅಂದರು ಆಕೆ. ಕಿವಿ ತೂತು ಬೀಳುವ ಹಾಗೆ ಹರಟುವವಳಿಗೆ ಮಾತು ಕಮ್ಮಿಯೇ ಅಂತ ನಗು ಬಂತು. ಆಮೇಲೆ ಗಮನಿಸಿದೆ. ತಿಮಿಂಗಿಲದ ವಿಷಯ ಗಂಟೆಗಟ್ಟಲೆ ಹೇಳುತ್ತಾಳೆ. ‘ನಂಗೂ ಕೊಡ್ತೀಯಾ’ ಅಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಬಾರದವಳಿಗೆ ಜಗಳವೇ ಮಾತು.

ಪಾಠ ಅಂದರೆ ಒಂಥರಾ ನಾಟಕ. ಚೂಟಿ ಚೂಟಿಯೇ, ನಾನು ನಿನ್ನ ಮಗಳು. ನಾನು ನೆಲದ ಮೇಲೆ ಕೂತು ಬ್ಲಾಕ್ಸ್ ಜೋಡಿಸುತ್ತಿರಬೇಕು. ಅವಳು ಬಂದು “ನಾನೂ ಆಡ್ಲಾ?” ಅನ್ನಬೇಕು. ಮೊದಮೊದಲು ‘ಬಾ’ ಅನ್ನುತ್ತಿದ್ದೆ. ಟೀಚರ್ ತಡೆದರು. “ಹೊರಗಿನ ಮಕ್ಕಳು ಯಾವಾಗ್ಲೂ ಬಾ ಅನ್ನಲ್ಲ. ಬೇಡ ಅನ್ನಿ. ಅದು ಮನೇಲೇ ಅಭ್ಯಾಸ ಆಗ್ಲಿ.” ಹೀಗೆ ದಿನಾ ಸಂಜೆ ಹೆತ್ತ ಮಗಳಿಗೆ ‘ಬರಬೇಡ’ ಅನ್ನುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ವಾರ ಬ್ಲಾಕ್ಸ್ ನೇರ ನನ್ನ ಹಣೆಗೇ ಬಂದವು. “ನಾಟಕ ಸುಳ್ಳು, ಬುಗುಟು ಮಾತ್ರ ನಿಜ” ಅಂತ ನಿನ್ನ ಭಾವ ತಮಾಷೆ ಮಾಡಿದರು. ಈಗ ಅವಳು ಮುಷ್ಟಿ ಬಿಗಿಹಿಡಿದು, ಉಸಿರು ಬಿಟ್ಟು, “ಸರಿ, ಆಮೇಲೆ ಕೇಳ್ತೀನಿ” ಅನ್ನುತ್ತಾಳೆ.

ಹೋದ ವಾರ ಪಾರ್ಕಿನಲ್ಲಿ ಜಾರುಬಂಡೆಯ ಹುಡುಗಿಯರು ಬೇಡ ಅಂದಾಗಲೂ ಹಾಗೇ ಅಂದಳು. ಯಾರನ್ನೂ ಮುಟ್ಟಲಿಲ್ಲ. ಬೆಂಚಿಗೆ ವಾಪಸು ಬಂದು ನನ್ನ ಪಕ್ಕ ಕೂತಳು. ಗೆದ್ದೆವು ಅಂತ ಹಿಗ್ಗಬೇಕಿತ್ತು. ನನಗೆ ಬರೀ ಸುಸ್ತಾಯಿತು ಕಣೇ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀಯೇನೋ, ಅನ್ನು. ಆದರೂ ಈ ರಜೆಯಲ್ಲಿ ಎರಡು ದಿನದ ಮಟ್ಟಿಗೆ ನಿನ್ನ ಮಗಳನ್ನು ಕಳಿಸು, ಇಲ್ಲವೇ ನಾವೇ ಬರುತ್ತೇವೆ. ಇಬ್ಬರ ನಡುವೆ ನಾನೇ ಕೂತಿರುತ್ತೇನೆ. ಚೂಟಿಗೆ ಆಡಲು ಬೇರೆ ಯಾರೂ ಇಲ್ಲ.

ನಿನ್ನ ಮಗಳಿಗೆ ದೊಡ್ಡಮ್ಮನ ಮುತ್ತು. ನೂರು ಕಾಲ ನಗುನಗುತ್ತಾ ಇರಲಿ, ನೀನೂ ಇರು.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ತಡೆದಿದ್ದೆ. ನಿನ್ನೆ ಟೀಚರ್ ಪಾತ್ರ ಅದಲುಬದಲು ಮಾಡಿಸಿದರು. ಚೂಟಿ ನಿನ್ನ ಮಗಳಾದಳು, ನಾನು ಚೂಟಿಯಾದೆ. “ನಾನೂ ಆಡ್ಲಾ?” ಅಂದೆ. ಅವಳು ತಲೆ ಎತ್ತದೆ, “ಬೇಡ. ನೀನು ನಾಯಿ ಥರ, ನಿನ್ನ ಹತ್ರ ಸೇರ್ಬಾರ್ದು ಅಂತ ನಮ್ಮಮ್ಮ ಹೇಳಿದಾಳೆ” ಅಂದಳು. ಯಾರು ಹಾಗಂದಿದ್ದು ಅಂತ ಕೇಳಿದೆ. “ಅವಳೇ ಫೋನಲ್ಲಿ ಹೇಳಿದ್ಳು, ತುಂಬಾ ದಿನ ಆಯ್ತು” ಅಂದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ನನ್ನ ಮೊಣಕೈ ಅಲುಗಿಸಿ ಪಿಸುಗುಟ್ಟಿದಳು: “ಅಮ್ಮಾ, ಅಳ್ಬಾರ್ದು. ಸರಿ, ಆಮೇಲೆ ಕೇಳ್ತೀನಿ ಅನ್ಬೇಕು.”

ಎರಡನೇ ಸಲಕ್ಕೆ ಹಾಗೇ ಅಂದೆ.